ಹಳೇ ಕಾರಿಗೆ ಬೇರೆ ಆಟೋಮ್ಯಾಟಿಕ್ ಗೇರ್‌ಬಾಕ್ಸ್: ಬಿಚ್ಚುವ ಮೊದಲು ಅಳೆಯಿರಿ

ಮಾವನ ಮನೆ ಪೆರ್ಲದಿಂದ ಒಳಗೆ. ಅಲ್ಲಿಂದ ಬದಿಯಡ್ಕಕ್ಕೆ ಬರಬೇಕಾದರೆ ಚೆರ್ಕಳ–ಕಲ್ಲಡ್ಕ ರಸ್ತೆ ಹಿಡಿಯಬೇಕು. ಏರು, ಇಳಿತ, ತಿರುವು, ಮತ್ತೆ ಏರು. ಅವರದು ಹಳೇ ಅಂಬಾಸಡರ್. ಗೇರಿನ ಕಡ್ಡಿ ಸ್ಟೇರಿಂಗಿನ ಪಕ್ಕದಲ್ಲಿ. ಪ್ರತಿ ತಿರುವಿಗೂ ಕ್ಲಚ್ ತುಳಿಯಬೇಕು. ಮಾವನಿಗೆ ಈಗ ಎಪ್ಪತ್ತು ದಾಟಿದೆ, ಎಡ ಮೊಣಕಾಲು ಸವೆದಿದೆ. ಮಳೆಗಾಲ ಮುಗಿಯುತ್ತಿದ್ದ ಹಾಗೆ ಒಂದು ದಿನ ಕರೆದು ಹೇಳಿದರು: "ಕಾರು ಮಾರುವ ಮಾತೇ ಇಲ್ಲ ಮಾರಾಯ. ನೀನು ಶಾರ್ಜಾದಲ್ಲಿ ಇದೇ ಕೆಲಸ ಮಾಡಿದವ ಅಲ್ವಾ? ಇದಕ್ಕೊಂದು ಆಟೋಮ್ಯಾಟಿಕ್ ಹಾಕಿ ಕೊಡು."

ಹೌದು, ಅದೇ ಕೆಲಸ ಮಾಡಿದ್ದೆ. ಅಲ್ಲಿನ ಇಂಡಸ್ಟ್ರಿಯಲ್ ಏರಿಯಾದ ಒಂದು ಗ್ಯಾರೇಜಿನಲ್ಲಿ ಹಳೇ ಅಮೆರಿಕನ್ ಕಾರುಗಳ ಗೇರ್‌ಬಾಕ್ಸ್ ಇಳಿಸುವುದು, ಬೇರೆ ಏರಿಸುವುದು ನಮಗೆ ದಿನದ ಕೆಲಸವಾಗಿತ್ತು. ಆದರೂ ಮಾವನಿಗೆ ಆ ದಿನ "ಆಯ್ತು" ಎಂದು ಹೇಳಲಿಲ್ಲ. ಎರಡು ಮಧ್ಯಾಹ್ನ ಕೂತು ಅದರ ಒಳಗೆ ಏನಿದೆ, ಏನೇನು ಬದಲಾಗುತ್ತದೆ ಎಂದು ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಗೀಚಿ ತೋರಿಸಿದೆ. ಇಲ್ಲಿ ಬರೆಯುತ್ತಿರುವುದು ಅದನ್ನೇ.

ತೋಟ ಇದ್ದವರಿಗೆ ಇದು ಬೇಗ ಅರ್ಥವಾಗುತ್ತದೆ. ಹಳೇ ಪಂಪ್‌ಸೆಟ್ ತೆಗೆದು ಹೆಚ್ಚು ಎಚ್‌ಪಿಯ ಹೊಸದನ್ನು ತಂದಿಟ್ಟರೆ ಕೆಲಸ ಮುಗಿಯುತ್ತದೆಯೇ? ಪೈಪಿನ ಅಳತೆ, ಫುಟ್‌ವಾಲ್ವ್, ಸ್ಟಾರ್ಟರ್, ಕೆಳಗಿನ ಕಾಂಕ್ರೀಟ್ ಕಟ್ಟೆ, ತುದಿಯಲ್ಲಿರುವ ಸ್ಪ್ರಿಂಕ್ಲರಿನ ತೂತು, ಎಲ್ಲವನ್ನೂ ನೋಡಬೇಕು. ಇಲ್ಲದಿದ್ದರೆ ಒಳ್ಳೆಯ ಪಂಪೇ ಸುಟ್ಟುಹೋಗುತ್ತದೆ. ಗೇರ್‌ಬಾಕ್ಸೂ ಹಾಗೆಯೇ. ಅದನ್ನು ಬೋಲ್ಟ್ ಹಾಕಿ ಕೂರಿಸುವುದು ಒಂದು ದಿನದ ಕೆಲಸ. ಹಳೇ ಬಾಕ್ಸಿಗೆ ಎಂಜಿನ್, ಕಾರ್ಬುರೇಟರ್, ರೇಡಿಯೇಟರ್, ಹಿಂದಿನ ಆಕ್ಸಲ್ ಜೊತೆ ಇದ್ದ ಒಂದೊಂದು ಸಂಬಂಧವನ್ನೂ ಹೊಸದಕ್ಕೆ ಮತ್ತೆ ಕಟ್ಟಿಕೊಡಬೇಕು. ದುಡ್ಡು ಹೋಗುವುದೂ ಅಲ್ಲೇ, ತಪ್ಪು ಆಗುವುದೂ ಅಲ್ಲೇ.

ಒಳಗೆ ಏನು ನಡೆಯುತ್ತದೆ

ಮೊದಲು ಟಾರ್ಕ್ ಕನ್ವರ್ಟರ್. ಕ್ಲಚ್ಚಿನ ಜಾಗದಲ್ಲಿ ಇರುವ ದೊಡ್ಡ ಕುಂಬಳಕಾಯಿಯಂಥ ಉಕ್ಕಿನ ಡಬ್ಬಿ ಇದು. ಮದುವೆ ಮನೆಯ ಹಿಂದೆ ದೊಡ್ಡ ಕಡಾಯಿಯಲ್ಲಿ ಪಾಯಸ ಕಾಯುವುದನ್ನು ನೋಡಿದ್ದೀರಲ್ಲ. ಒಬ್ಬರು ಸಟ್ಟುಗ ಹಾಕಿ ಜೋರಾಗಿ ತಿರುಗಿಸುತ್ತಾರೆ. ಅದೇ ಕಡಾಯಿಯಲ್ಲಿ ಸುಮ್ನೆ ಬಿಟ್ಟಿದ್ದ ಇನ್ನೊಂದು ಸಟ್ಟುಗ ಯಾರೂ ಮುಟ್ಟದೆ ತಾನೂ ಸುತ್ತತೊಡಗುತ್ತದೆ. ಕನ್ವರ್ಟರಿನ ಕೆಲಸವೂ ಇಷ್ಟೇ. ಎಂಜಿನ್ ಕಡೆಯ ರೆಕ್ಕೆಗಳು ಎಣ್ಣೆಯನ್ನು ತಿರುಗಿಸುತ್ತವೆ. ಆ ಎಣ್ಣೆ ಎದುರಿಗಿನ ರೆಕ್ಕೆಗಳನ್ನು ತಿರುಗಿಸುತ್ತದೆ. ನಡುವೆ ಗಟ್ಟಿ ಹಿಡಿತ ಇಲ್ಲ. ಅದಕ್ಕೇ ಸಿಗ್ನಲ್ಲಿನಲ್ಲಿ ಗೇರಿನಲ್ಲೇ ನಿಂತರೂ ಎಂಜಿನ್ ಆಫ್ ಆಗುವುದಿಲ್ಲ.

ಇವೆರಡರ ಮಧ್ಯೆ ಮೂರನೆಯ ಚಿಕ್ಕ ಚಕ್ರವೊಂದಿದೆ, ಹೆಸರು ಸ್ಟೇಟರ್. ಕೆಲಸ ಮುಗಿಸಿ ಹಿಂದೆ ಬರುವ ಎಣ್ಣೆಯ ದಿಕ್ಕನ್ನು ಇದು ತಿರುಗಿಸುತ್ತದೆ. ತೋಡಿನ ನೀರಿಗೆ ಹಲಗೆ ಓರೆ ಕೊಟ್ಟು ಬೇಕಾದ ಕಡೆಗೆ ನುಗ್ಗಿಸಿದ ಹಾಗೆ. ಇದರಿಂದಾಗಿ ನಿಂತಲ್ಲಿಂದ ಹೊರಡುವಾಗ ಎಂಜಿನ್ನಿನ ತಿರುಗಿಸುವ ಬಲ ಸುಮಾರು ಎರಡು ಪಟ್ಟಾಗಿ ಗೇರ್‌ಬಾಕ್ಸಿಗೆ ಸಿಗುತ್ತದೆ. ಆದರೆ ಎರಡೂ ಕಡೆಯ ವೇಗದಲ್ಲಿ ವ್ಯತ್ಯಾಸ ಇರುವಷ್ಟು ಹೊತ್ತು ಎಣ್ಣೆ ಕಾಯುತ್ತದೆ. ಈ ಬಿಸಿಯ ಮಾತು ಮುಂದೆ ಮತ್ತೆ ಬರುತ್ತದೆ, ನೆನಪಿಡಿ.

ಕನ್ವರ್ಟರಿನ ಹಿಂದೆ ಗೇರುಗಳು. ಮ್ಯಾನ್ಯುವಲ್ ಬಾಕ್ಸಿನ ಹಾಗೆ ಇಲ್ಲಿ ಹಲ್ಲುಗಳನ್ನು ಸರಿಸಿ ಕೂಡಿಸುವುದಿಲ್ಲ. ನಡುವೆ ಒಂದು ಹಲ್ಲಿನ ಚಕ್ರ, ಅದರ ಹೆಸರು ಸೂರ್ಯ. ಸುತ್ತ ಮೂರೋ ನಾಲ್ಕೋ ಗ್ರಹಗಳು. ಹೊರಗೆ ಒಳಮುಖವಾಗಿ ಹಲ್ಲಿರುವ ಬಳೆ. ಇವು ಯಾವಾಗಲೂ ಒಂದಕ್ಕೊಂದು ಕೂಡಿಕೊಂಡೇ ಇರುತ್ತವೆ. ಒಂದನ್ನು ಅಲುಗಾಡದಂತೆ ಹಿಡಿಯಿರಿ, ಇನ್ನೊಂದನ್ನು ತಿರುಗಿಸಿ, ಮೂರನೆಯದರಿಂದ ಬೇರೆ ವೇಗ ಹೊರಬರುತ್ತದೆ. ಯಾವುದನ್ನು ಹಿಡಿಯುತ್ತೀರಿ ಎನ್ನುವುದರ ಮೇಲೆ ಗೇರು. ಎರಡನ್ನು ಒಟ್ಟಿಗೆ ಕಟ್ಟಿದರೆ ಇಡೀ ಕಟ್ಟೇ ಒಂದಾಗಿ ತಿರುಗುತ್ತದೆ, ಅದು ಡೈರೆಕ್ಟ್ ಗೇರ್. ಹಿಡಿಯುವ ಕೆಲಸ ಮಾಡುವುದು ಎಣ್ಣೆಯಲ್ಲಿ ಮುಳುಗಿರುವ ಚಿಕ್ಕ ಕ್ಲಚ್ ಪ್ಲೇಟುಗಳು ಮತ್ತು ಬ್ಯಾಂಡುಗಳು. ಅವುಗಳನ್ನು ಒತ್ತುವುದು ಎಣ್ಣೆಯ ಪ್ರೆಷರ್.

ಆ ಪ್ರೆಷರನ್ನು ಎಲ್ಲಿಗೆ ಯಾವಾಗ ಬಿಡಬೇಕು ಎಂದು ತೀರ್ಮಾನಿಸುವುದು ವಾಲ್ವ್ ಬಾಡಿ. ನಮ್ಮ ಕಡೆ ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು ಮದಕಕ್ಕೆ, ಅಂದರೆ ಕೆರೆಗೆ, ಬಿದ್ದು, ಅಲ್ಲಿಂದ ಕಣಿಗಳಲ್ಲಿ ತೋಟಕ್ಕೆ ಹೋಗುತ್ತದೆ. ಒಂದು ಕಣಿಗೆ ಮಣ್ಣು ಮುಚ್ಚಿ ಇನ್ನೊಂದನ್ನು ಬಿಡಿಸಿದರೆ ನೀರು ಬೇರೆ ಸಾಲಿಗೆ ತಿರುಗುತ್ತದೆ. ವಾಲ್ವ್ ಬಾಡಿ ಅಂದರೆ ಅಂಥ ಕಣಿಗಳನ್ನು ಅಂಗೈ ಎರಡರಷ್ಟು ಅಗಲದ ಅಲ್ಯೂಮಿನಿಯಂ ತುಂಡಿನಲ್ಲಿ ಕೊರೆದ ಹಾಗೆ. ಮಣ್ಣಿನ ಬದಲು ಸ್ಪ್ರಿಂಗ್ ಇರುವ ಚಿಕ್ಕ ವಾಲ್ವುಗಳು. ಕಂಪ್ಯೂಟರ್ ಬರುವ ಎಷ್ಟೋ ಮೊದಲು, 1940ರ ಮಾಡೆಲ್ ಓಲ್ಡ್ಸ್‌ಮೊಬೈಲಿನಲ್ಲಿ ಜನರಲ್ ಮೋಟರ್ಸ್ ಹೈಡ್ರಾಮ್ಯಾಟಿಕ್ ಕೊಟ್ಟಾಗಿನಿಂದ, ಬರೀ ಎಣ್ಣೆಯ ಒತ್ತಡದಿಂದಲೇ ಈ ಲೆಕ್ಕ ನಡೆದಿದೆ. ಮೊದಲ ಸಲ ಬಿಚ್ಚಿ ನೋಡಿದಾಗ ನಾನು ತುಂಬಾ ಹೊತ್ತು ಅದನ್ನು ಕೈಯಲ್ಲಿ ಹಿಡಿದುಕೊಂಡು ಕೂತಿದ್ದೆ. ಮನುಷ್ಯ ಮಾಡಿದ ಚಂದದ ವಸ್ತುಗಳಲ್ಲಿ ಅದೂ ಒಂದು.

ಕಾಲು ಎಷ್ಟು ಒತ್ತಿದೆ ಎಂದು ಬಾಕ್ಸಿಗೆ ಹೇಳುವವರು ಯಾರು?

ವಾಲ್ವ್ ಬಾಡಿಗೆ ಎರಡು ಸುದ್ದಿ ಬೇಕು. ಕಾರು ಎಷ್ಟು ವೇಗದಲ್ಲಿದೆ, ಮತ್ತು ಡ್ರೈವರ್ ಎಷ್ಟು ಎಕ್ಸಲರೇಟರ್ ಕೊಟ್ಟಿದ್ದಾನೆ. ಮೊದಲನೆಯದನ್ನು ಹಿಂದಿನ ಶಾಫ್ಟಿನ ಗವರ್ನರ್ ಹೇಳುತ್ತದೆ. ಅದು ಬಾಕ್ಸಿನ ಒಳಗೇ ಇದೆ, ಚಿಂತೆ ಇಲ್ಲ. ಎರಡನೆಯದು ಹೊರಗಿನಿಂದ ಬರಬೇಕು. ಒಂದೊಂದು ಬಾಕ್ಸಿಗೆ ಇದು ಒಂದೊಂದು ದಾರಿಯಲ್ಲಿ ಬರುತ್ತದೆ. ಬಾಕ್ಸ್ ಬದಲಿಸುವವರು ಎಡವುವ ಮೊದಲ ಜಾಗ ಇದೇ.

ನಾನು ಹೆಚ್ಚು ಕೈ ಹಾಕಿದ ಷೆವ್ರೊಲೆ ಕಾರುಗಳನ್ನೇ ತೆಗೆದುಕೊಳ್ಳುತ್ತೇನೆ. 1950ರಿಂದ 1973ರ ತನಕ ಅವುಗಳಲ್ಲಿ ಪವರ್‌ಗ್ಲೈಡ್ ಎಂಬ ಬಾಕ್ಸ್ ಬರುತ್ತಿತ್ತು. ಮುಂದಕ್ಕೆ ಎರಡೇ ಗೇರು. ಗಟ್ಟಿಮುಟ್ಟು, ಆದರೆ ಮಂದ. 1969ರಲ್ಲಿ ಮೂರು ಗೇರಿನ ಟಿಎಚ್350 ಬಂತು. 1982ರಲ್ಲಿ ಓವರ್‌ಡ್ರೈವ್ (ಎಂಜಿನ್ನಿಗಿಂತ ಹಿಂದಿನ ಶಾಫ್ಟ್ ಜೋರಾಗಿ ತಿರುಗುವ ಗೇರು) ಇರುವ ನಾಲ್ಕು ಗೇರಿನ 700ಆರ್4. 1993ರಿಂದ ಅದರದೇ ಎಲೆಕ್ಟ್ರಾನಿಕ್ ರೂಪ 4ಎಲ್60ಇ. ಪವರ್‌ಗ್ಲೈಡ್ ಇರುವ ಕಾರು ಇಟ್ಟುಕೊಂಡವರೆಲ್ಲ ಒಂದು ದಿನ 700ಆರ್4 ಬೇಕು ಎಂದು ಬರುತ್ತಿದ್ದರು.

ಟಿಎಚ್350, ಎಂಜಿನ್ ಗಾಳಿ ಎಳೆಯುವಾಗ ಉಂಟಾಗುವ ವ್ಯಾಕ್ಯೂಮನ್ನು ಒಂದು ರಬ್ಬರ್ ನಳಿಗೆಯಲ್ಲಿ ಎಳೆದು, ಮಾಡ್ಯುಲೇಟರ್ ಎಂಬ ಡಬ್ಬಿಯ ಮೂಲಕ ಲೋಡನ್ನು ತಿಳಿಯುತ್ತದೆ. ಅದರ ಕಿಕ್‌ಡೌನ್ ಕೇಬಲ್ ಇರುವುದು ಎಕ್ಸಲರೇಟರ್ ಪೂರ್ತಿ ಒತ್ತಿದಾಗ ಗೇರು ಇಳಿಸುವುದಕ್ಕೆ ಮಾತ್ರ. ಆ ಕೇಬಲ್ ಇಲ್ಲದಿದ್ದರೂ ಬಾಕ್ಸ್ ಸಾಯುವುದಿಲ್ಲ. 700ಆರ್4ನಲ್ಲಿ ವ್ಯಾಕ್ಯೂಮ್ ನಳಿಗೆಯೇ ಇಲ್ಲ. ಎಲ್ಲವನ್ನೂ ಹೇಳುವುದು ಒಂದೇ ಕೇಬಲ್, ಅದನ್ನು ಟಿವಿ ಕೇಬಲ್ ಅನ್ನುತ್ತಾರೆ, ಥ್ರಾಟಲ್ ವಾಲ್ವ್ ಕೇಬಲ್. ನೋಡಲು ಕಿಕ್‌ಡೌನ್ ಕೇಬಲ್ಲಿನ ಹಾಗೇ ಇದೆ. ಆದರೆ ಕ್ಲಚ್ ಪ್ಲೇಟುಗಳನ್ನು ಒತ್ತುವ ಪ್ರೆಷರ್ ಎಷ್ಟಿರಬೇಕು ಎನ್ನುವುದೂ ಇದರ ಎಳೆತದ ಮೇಲೇ ನಿಂತಿದೆ.

ಇದು ನನಗೆ ಒಂದು ಕಾರು ಕಲಿಸಿದ ಪಾಠ. ಅರವತ್ತರ ದಶಕದ ಒಂದು ಷೆವ್ರೊಲೆ ಇಂಪಾಲಾಕ್ಕೆ 700ಆರ್4 ಹಾಕಿದ್ದೆವು. ಕೇಬಲ್ಲನ್ನು ಹಳೇ ಕಾರ್ಬುರೇಟರಿನ ಲಿವರಿಗೆ ಕೈಗೆ ಸಿಕ್ಕ ತೂತಿನಲ್ಲಿ ಸಿಕ್ಕಿಸಿದ್ದು ನಾನೇ. ಎಕ್ಸಲರೇಟರ್ ಪೂರ್ತಿ ಒತ್ತಿದರೂ ಕೇಬಲ್ ಅರ್ಧ ಮಾತ್ರ ಎಳೆಯುತ್ತಿತ್ತು. ಕಾರು ಓಡಿತು, ಗೇರು ಬಿತ್ತು, ಎಲ್ಲರೂ ಖುಷಿ. ನಾಲ್ಕನೆಯ ದಿನ ರಿಕವರಿ ಗಾಡಿಯ ಮೇಲೆ ವಾಪಸ್ ಬಂತು. ಬಿಚ್ಚಿದರೆ ಮೂರು-ನಾಲ್ಕನೆಯ ಗೇರಿನ ಕ್ಲಚ್ ಪ್ಲೇಟುಗಳು ಸುಟ್ಟು ಕರಿ. ಬಾಕ್ಸಿಗೆ "ಡ್ರೈವರ್ ಮೆಲ್ಲಗೆ ಹೋಗುತ್ತಿದ್ದಾನೆ" ಎಂಬ ಸುದ್ದಿ ಹೋಗುತ್ತಿತ್ತು, ಅದು ಕಡಿಮೆ ಪ್ರೆಷರ್ ಕೊಡುತ್ತಿತ್ತು, ಪ್ಲೇಟು ಜಾರುತ್ತಿತ್ತು. ಕಾರ್ಬುರೇಟರ್ ಲಿವರಿನಲ್ಲಿ ಕೇಬಲ್ ಸಿಕ್ಕಿಸುವ ಬಿಂದು ಸರಿಯಾದ ದೂರದಲ್ಲಿ ಇರಬೇಕು. ಪೂರ್ತಿ ಎಕ್ಸಲರೇಟರಿಗೆ ಪೂರ್ತಿ ಎಳೆತ. ಅದಕ್ಕೆಂದೇ ಬ್ರಾಕೆಟ್ ಸಿಗುತ್ತದೆ. ಅದಿಲ್ಲದೆ ಕಾರನ್ನು ಗ್ಯಾರೇಜಿನ ಗೇಟು ದಾಟಿಸಬೇಡಿ.

4ಎಲ್60ಇ ಹಾಕಿದರೆ ಈ ಕೇಬಲ್ ಇಲ್ಲ. ಬದಲಿಗೆ ಅದಕ್ಕೊಂದು ಪ್ರತ್ಯೇಕ ಕಂಪ್ಯೂಟರ್, ಎಕ್ಸಲರೇಟರಿನ ಸ್ಥಾನ ಹೇಳುವ ಸೆನ್ಸರ್, ವಯರಿಂಗ್ ಎಲ್ಲ ಬೇಕು. ಕಾರ್ಬುರೇಟರಿನ ಕಾರಿಗೆ ಇದೂ ಆಗುತ್ತದೆ. ಆದರೆ ಮಳೆಗಾಲದಲ್ಲಿ ಮುಳ್ಳೇರಿಯದಾಚೆ ಎಲ್ಲೋ ನಿಂತರೆ ನೋಡಿಕೊಡುವವರು ಯಾರು ಎಂದು ಮೊದಲು ಯೋಚಿಸಿ. ನನ್ನ ಅಭಿಪ್ರಾಯ ಕೇಳಿದರೆ, ಕಾರ್ಬುರೇಟರ್ ಇರುವ ಕಾರಿಗೆ ಎಣ್ಣೆಯಲ್ಲೇ ಲೆಕ್ಕ ಹಾಕುವ ಬಾಕ್ಸೇ ಸರಿ.

ಗೇರಿನ ಲೆಕ್ಕ

ಓವರ್‌ಡ್ರೈವ್ ಅಂದ ಕೂಡಲೇ ಮೈಲೇಜ್ ಸಿಗುತ್ತದೆ ಎಂದು ಎಲ್ಲರೂ ಹಾರುತ್ತಾರೆ. ಕಾಗದ ಹಿಡಿದು ಒಂದು ಲೆಕ್ಕ ಹಾಕಿ. ಹಿಂದಿನ ಆಕ್ಸಲಿನ ಕ್ರೌನ್–ಪಿನಿಯನ್ (ಒಳಗಿನ ದೊಡ್ಡ ಮತ್ತು ಚಿಕ್ಕ ಹಲ್ಲಿನ ಚಕ್ರ) ಅನುಪಾತ 3.36 ಎಂದುಕೊಳ್ಳೋಣ. ಪವರ್‌ಗ್ಲೈಡಿನ ಮೊದಲ ಗೇರು 1.82. ಎರಡನ್ನೂ ಗುಣಿಸಿದರೆ 6.12. ಅಂದರೆ ಚಕ್ರ ಒಂದು ಸುತ್ತು ಹಾಕಲು ಎಂಜಿನ್ ಆರು ಸುತ್ತು. ಅದೇ ಆಕ್ಸಲಿಗೆ ಟಿಎಚ್350 ಹಾಕಿದರೆ ಮೊದಲ ಗೇರು 2.52, ಗುಣಿಸಿದರೆ 8.47. 700ಆರ್4ರ ಮೊದಲ ಗೇರು 3.06, ಗುಣಿಸಿದರೆ 10.28. ಎಂಜಿನ್ನಿಗೆ ಕೈ ಹಾಕದೆ ಏರು ಹತ್ತುವ ಬಲ ಇಷ್ಟು ಹೆಚ್ಚಿತು. ನಮ್ಮಂಥ ಏರು-ತಗ್ಗಿನ ಊರಿಗೆ ನಿಜವಾದ ಲಾಭ ಈ ಮೊದಲ ಗೇರಿನಲ್ಲಿದೆ.

ಇನ್ನು ಕೊನೆಯ ಗೇರು. ಟಯರಿನ ಸುತ್ತಳತೆ 2.1 ಮೀಟರ್ ಇದ್ದರೆ, 80 ಕಿಲೋಮೀಟರ್ ವೇಗದಲ್ಲಿ ಚಕ್ರ ನಿಮಿಷಕ್ಕೆ ಸುಮಾರು 635 ಸುತ್ತು ಹಾಕುತ್ತದೆ. ಡೈರೆಕ್ಟ್ ಗೇರಿನಲ್ಲಿ ಎಂಜಿನ್ ನಿಮಿಷಕ್ಕೆ ಸುಮಾರು 2,130 ಸುತ್ತು. 700ಆರ್4ರ ನಾಲ್ಕನೆಯ ಗೇರು 0.70, ಆಗ ಎಂಜಿನ್ ಸುಮಾರು 1,490 ಸುತ್ತಿಗೆ ಇಳಿಯುತ್ತದೆ. ಎಂಟು ಸಿಲಿಂಡರಿನ ದೊಡ್ಡ ವಿ8 ಎಂಜಿನ್ನಿಗೆ ಇದು ಆರಾಮ. ಹೆದ್ದಾರಿಯಲ್ಲಿ ಮಂಜೇಶ್ವರದಿಂದ ಕಾಸರಗೋಡಿಗೆ ಹೋಗುವಾಗ ಕಾರು ಗುನುಗುತ್ತಾ ಹೋಗುತ್ತದೆ. ಚಿಕ್ಕ ಎಂಜಿನ್ನಿಗೆ ಅದೇ ಗೇರು ಹಿಂಸೆ. ಸಣ್ಣ ಏರು ಬಂದರೂ ತಿಣುಕುತ್ತದೆ, ಬಾಕ್ಸ್ ಮೂರಕ್ಕೆ ಇಳಿಯುತ್ತದೆ, ಮತ್ತೆ ನಾಲ್ಕಕ್ಕೆ ಏರುತ್ತದೆ, ಮತ್ತೆ ಇಳಿಯುತ್ತದೆ. ಈ ಏರಿಳಿತವೇ ಪ್ಲೇಟು ತಿನ್ನುತ್ತದೆ. ಹಾಗಾಗಿ ಬಾಕ್ಸ್ ಹುಡುಕುವ ಮೊದಲು ಆಕ್ಸಲ್ ಅನುಪಾತ ಗೊತ್ತಿರಬೇಕು. ಪೇಪರ್ ಸಿಗದಿದ್ದರೆ ಹಿಂದಿನ ಎರಡೂ ಚಕ್ರ ಎತ್ತಿ, ಎರಡನ್ನೂ ಒಟ್ಟಿಗೆ ಒಂದು ಸುತ್ತು ತಿರುಗಿಸಿ, ಬಾಕ್ಸಿನಿಂದ ಆಕ್ಸಲಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತು ಹಾಕುತ್ತದೆ ಎಂದು ಎಣಿಸಿ. ಸೀಮೆಸುಣ್ಣದ ಒಂದು ಗೆರೆ ಸಾಕು.

ಉದ್ದ, ಕೋನ, ಬೋಲ್ಟು

ಪವರ್‌ಗ್ಲೈಡ್ ಮತ್ತು ಚಿಕ್ಕ ಬಾಲದ ಟಿಎಚ್350 ಎರಡೂ ಸುಮಾರು 27 ಮುಕ್ಕಾಲು ಇಂಚು ಉದ್ದ. 700ಆರ್4 30 ಮುಕ್ಕಾಲು ಇಂಚು. ಮೂರು ಇಂಚು ಜಾಸ್ತಿ. ಅಂದರೆ ಪ್ರೊಪೆಲ್ಲರ್ ಶಾಫ್ಟನ್ನು ಅಷ್ಟು ಕತ್ತರಿಸಿ, ಬೆಸೆದು, ಬ್ಯಾಲೆನ್ಸ್ ಮಾಡಿಸಬೇಕು. ಗೇರ್‌ಬಾಕ್ಸಿನ ಕೆಳಗಿನ ಮೌಂಟಿಂಗೂ ಸುಮಾರು ಎರಡು ಇಂಚು ಹಿಂದೆ ಹೋಗುತ್ತದೆ, ಆದ್ದರಿಂದ ಅಡ್ಡ ತೊಲೆಯನ್ನು ಹಿಂದೆ ಸರಿಸಬೇಕು. ಒಂದು ಸಮಾಧಾನ, ಈ ಮೂರೂ ಬಾಕ್ಸುಗಳ ಹಿಂದಿನ ಶಾಫ್ಟಿಗೆ 27 ಹಲ್ಲು. ಪ್ರೊಪೆಲ್ಲರ್ ಶಾಫ್ಟನ್ನು ಬಾಕ್ಸಿಗೆ ಕೂಡಿಸುವ ಹಳೇ ಯೋಕ್ ಹಾಗೇ ಕೂರುತ್ತದೆ. ಇನ್ನೂ ಗಟ್ಟಿಯಾದ ಟಿಎಚ್400 ಬೇಕು ಎಂದು ಹೋದರೆ ಅದಕ್ಕೆ 32 ಹಲ್ಲು, ಯೋಕ್ ಕೂಡ ಬೇರೆ ಬೇಕು. ಇಂಥ ಚಿಕ್ಕ ಅಂಕಿಗಳೇ ಕೊನೆಗೆ ದೊಡ್ಡ ಬಿಲ್ ಆಗುವುದು.

ಶಾಫ್ಟ್ ಬ್ಯಾಲೆನ್ಸ್ ಮಾಡಿಸಿದರೂ ಕೆಲವೊಮ್ಮೆ 60 ದಾಟಿದ ಮೇಲೆ ಕಾರು ನಡುಗುತ್ತದೆ. ಹೆಚ್ಚಿನವರು ಮತ್ತೆ ಶಾಫ್ಟ್ ಬಿಚ್ಚುತ್ತಾರೆ. ಮೊದಲು ಕೋನ ನೋಡಿ. ಗೇರ್‌ಬಾಕ್ಸಿನ ಬಾಲ ಎಷ್ಟು ಕೆಳಗೆ ವಾಲಿದೆಯೋ, ಆಕ್ಸಲಿನ ಮೂಗು ಅಷ್ಟೇ ಮೇಲಕ್ಕೆ ಮುಖ ಮಾಡಿರಬೇಕು. ಎರಡೂ ಒಂದಕ್ಕೊಂದು ಸಮಾನಾಂತರವಾಗಿ ಇದ್ದರೆ ಎರಡು ಕ್ರಾಸ್ ಬೇರಿಂಗುಗಳ ಎಳೆದಾಟ ಒಂದನ್ನೊಂದು ರದ್ದು ಮಾಡುತ್ತದೆ. ಮೌಂಟಿಂಗ್ ಅಡಿಗೆ ತಗಡಿನ ತುಂಡು ಕೊಟ್ಟು ಸರಿ ಮಾಡಬಹುದಾದ ವಿಷಯ ಇದು.

ಬೇರೆ ಕಂಪನಿಯ ಎಂಜಿನ್ನಿಗೆ ಬೇರೆ ಕಂಪನಿಯ ಬಾಕ್ಸ್ ಹಾಕುವಾಗ ಮಧ್ಯೆ ಅಡಾಪ್ಟರ್ ಪ್ಲೇಟ್ ಬೇಕು. ಲೇತಿನವರು ಮಾಡಿಕೊಡುತ್ತಾರೆ. ಆದರೆ ಬೋಲ್ಟಿನ ತೂತು ಕೂಡಿದರೆ ಸಾಲದು. ಕ್ರ್ಯಾಂಕಿನ ಮಧ್ಯ ಮತ್ತು ಬಾಕ್ಸಿನ ಮಧ್ಯ ಒಂದೇ ಗೆರೆಯಲ್ಲಿರಬೇಕು. ಡಯಲ್ ಗೇಜ್ ಇಟ್ಟು ನೋಡಿದಾಗ ಕಾಲು ಮಿಲಿಮೀಟರಿಗಿಂತ ಜಾಸ್ತಿ ಓಲಾಟ ಇರಬಾರದು. ಇದ್ದರೆ ಮುಂದಿನ ಪಂಪಿನ ಬುಷ್ ತಿಂದು, ಆಯಿಲ್ ಸೀಲ್ ಹರಿದು, ಎಣ್ಣೆ ಸೋರುತ್ತದೆ. ಸೀಲ್ ಬದಲಿಸುತ್ತಾ ಇರುತ್ತೀರಿ, ಕಾರಣ ಮಾತ್ರ ಅಲ್ಲೇ ಇರುತ್ತದೆ.

ಕೂರಿಸುವ ದಿನದ ಒಂದು ಮಾತನ್ನು ಮಾತ್ರ ಬಿಡಿಸಿ ಹೇಳಬೇಕು. ಕನ್ವರ್ಟರನ್ನು ಮೊದಲು ಗೇರ್‌ಬಾಕ್ಸಿಗೆ ಸೇರಿಸಿ, ತಿರುಗಿಸುತ್ತಾ ಒಳಗೆ ತಳ್ಳಬೇಕು. ಅದು ಒಂದೊಂದು ಹಲ್ಲಿಗೆ ಸಿಕ್ಕಾಗ ಒಂದೊಂದು ಸಲ 'ಟಕ್' ಎಂದು ಒಳಗೆ ಬೀಳುತ್ತದೆ. ಕೊನೆಯದು ಪಂಪಿನ ಹಲ್ಲು. ಅದು ಸಿಕ್ಕದೆ ಬಾಕ್ಸನ್ನು ಎಂಜಿನ್ನಿಗೆ ತಾಗಿಸಿ, ಉಳಿದ ಅಂತರವನ್ನು ಬೋಲ್ಟ್ ಬಿಗಿದು ಎಳೆದರೆ ಪಂಪ್ ಒಡೆಯುತ್ತದೆ. ಎಂಜಿನ್ ಸ್ಟಾರ್ಟ್ ಮಾಡುವ ಮೊದಲೇ ಬಾಕ್ಸ್ ಹೋಯಿತು. ಬೋಲ್ಟು ಪೂರ್ತಿ ಕೂತ ಮೇಲೂ ಕನ್ವರ್ಟರನ್ನು ಕೈಯಿಂದ ತಿರುಗಿಸಲು ಬರಬೇಕು. ಅದಕ್ಕೂ ಎಂಜಿನ್ನಿನ ಕ್ರ್ಯಾಂಕಿಗೆ ಕಟ್ಟಿದ ಫ್ಲೆಕ್ಸ್‌ಪ್ಲೇಟ್ ಎಂಬ ತೆಳು ತಟ್ಟೆಗೂ ನಡುವೆ ಮೂರರಿಂದ ಐದು ಮಿಲಿಮೀಟರ್ ಜಾಗ ಉಳಿದಿರಬೇಕು. ಜಾಗ ಇಲ್ಲ, ಕೈಗೆ ತಿರುಗುವುದಿಲ್ಲ ಅಂದರೆ ಕೆಲಸ ನಿಲ್ಲಿಸಿ, ಇಳಿಸಿ, ಮತ್ತೆ ಮೊದಲಿನಿಂದ ಮಾಡಿ. ಹೊತ್ತು ಮುಳುಗುತ್ತಿದೆ ಎಂದು ಅವಸರ ಮಾಡುವ ಜಾಗ ಇದಲ್ಲ.

ಬಿಸಿ ಮತ್ತು ಮಳೆ

ಕನ್ವರ್ಟರಿನಲ್ಲಿ ಎಣ್ಣೆ ಕಾಯುತ್ತದೆ ಎಂದೆನಲ್ಲ, ಅದನ್ನು ತಣಿಸಬೇಕು. ಮೊದಲಿನಿಂದ ಆಟೋಮ್ಯಾಟಿಕ್ ಇದ್ದ ಕಾರಿನ ರೇಡಿಯೇಟರಿನಲ್ಲಿ ಅದಕ್ಕೆಂದೇ ಒಂದು ಕೂಲರ್ ಅಡಗಿರುತ್ತದೆ. ಮ್ಯಾನ್ಯುವಲ್ ಕಾರಿನ ರೇಡಿಯೇಟರಿನಲ್ಲಿ ಅದು ಇರುವುದಿಲ್ಲ. ಹೊರಗೆ ಬೇರೆ ಕೂಲರ್ ಕೂರಿಸಿ, ಉಕ್ಕಿನ ನಳಿಗೆ ಎಳೆಯಬೇಕು. ಎಣ್ಣೆ 80 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಸುಖವಾಗಿರುತ್ತದೆ. 120 ದಾಟಿದರೆ ಬೇಗ ಬೇಗ ಕೆಡುತ್ತದೆ, ಸೀಲುಗಳು ಗಟ್ಟಿಯಾಗುತ್ತವೆ. ಒಳ್ಳೆಯ ಎಣ್ಣೆ ಕೆಂಪಗೆ, ತೆಳ್ಳಗೆ ಇರುತ್ತದೆ. ಕಂದು ಬಣ್ಣ, ಸುಟ್ಟ ವಾಸನೆ ಬಂದರೆ ಪ್ಲೇಟು ಜಾರುತ್ತಿದೆ ಎಂದು ಅರ್ಥ. ಯಾವ ಬಾಕ್ಸಿಗೆ ಯಾವ ಎಣ್ಣೆ ಎಂದು ಕೇಳಿಯೇ ಹಾಕಿ. ಡೆಕ್ಸ್‌ರಾನ್ ಬೇಕಾದಲ್ಲಿ ಹಳೇ ಟೈಪ್ ಎಫ್ ಹಾಕಿದರೆ ಗೇರು ಬೀಳುವ ರೀತಿಯೇ ಬದಲಾಗುತ್ತದೆ.

700ಆರ್4ನಂಥ ಬಾಕ್ಸಿನಲ್ಲಿ ಲಾಕಪ್ ಕ್ಲಚ್ ಒಂದಿದೆ. ವೇಗ ಸಿಕ್ಕ ಮೇಲೆ ಕನ್ವರ್ಟರಿನ ಎರಡು ಕಡೆಗಳನ್ನೂ ಗಟ್ಟಿಯಾಗಿ ಹಿಡಿದು, ಜಾರುವುದನ್ನು ನಿಲ್ಲಿಸುತ್ತದೆ. ಅದಕ್ಕೆ 12 ವೋಲ್ಟಿನ ಒಂದು ವಯರ್ ಬೇಕು, ಬ್ರೇಕ್ ತುಳಿದಾಗ ಬಿಡುವ ಸ್ವಿಚ್ ಬೇಕು. ಹಳೇ ಕಾರಿನಲ್ಲಿ ಈ ವಯರ್ ಇಲ್ಲವೆಂದು ಹಾಗೇ ಬಿಟ್ಟವರನ್ನು ನೋಡಿದ್ದೇನೆ. ಓವರ್‌ಡ್ರೈವಿನಲ್ಲಿ ಉದ್ದಕ್ಕೂ ಜಾರುತ್ತಾ ಹೋಗಿ ಎಣ್ಣೆ ಕುದಿಯುತ್ತದೆ.

ಇದು ಗಲ್ಫಿನ ಪುಸ್ತಕದಲ್ಲಿ ಇಲ್ಲದ ಪಾಠ. ನಮ್ಮಲ್ಲಿ ಜೂನ್, ಜುಲೈ ತಿಂಗಳಲ್ಲಿ ರಸ್ತೆಯ ಮೇಲೆ ತೋಡು ಹರಿಯುತ್ತದೆ. ಆಟೋಮ್ಯಾಟಿಕ್ ಬಾಕ್ಸಿನ ಮೇಲ್ಗಡೆ ಗಾಳಿ ಆಡಲು ಚಿಕ್ಕ ನಳಿಗೆ ಇರುತ್ತದೆ. ಬಿಸಿ ಬಾಕ್ಸ್ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗಿ ಅದೇ ನಳಿಗೆಯಿಂದ ನೀರು ಎಳೆದುಕೊಳ್ಳುತ್ತದೆ. ಎಣ್ಣೆ ಸ್ಟ್ರಾಬೆರಿ ಹಾಲಿನ ಬಣ್ಣಕ್ಕೆ ತಿರುಗಿದರೆ ಪ್ಲೇಟುಗಳ ಅಂಟು ಬಿಟ್ಟುಹೋಗುತ್ತದೆ. ಎರಡಡಿ ರಬ್ಬರ್ ಹೋಸ್ ಸಿಕ್ಕಿಸಿ ಎಂಜಿನ್ ರೂಮಿನ ಮೇಲ್ಭಾಗಕ್ಕೆ ಕಟ್ಟಿ. ಖರ್ಚು ನೂರು ರೂಪಾಯಿಯೂ ಆಗುವುದಿಲ್ಲ.

ಉಳಿದ ಕೆಲವನ್ನು ಬೇಗ ಹೇಳುತ್ತೇನೆ. ಸ್ಪೀಡೋಮೀಟರಿನ ಚಿಕ್ಕ ಪ್ಲಾಸ್ಟಿಕ್ ಗೇರು ಬದಲಿಸದಿದ್ದರೆ ಮೀಟರ್ ಸುಳ್ಳು ಹೇಳುತ್ತದೆ. ಗೇರಿನಲ್ಲಿರುವಾಗ ಸ್ಟಾರ್ಟ್ ಆಗದ ಹಾಗೆ ತಡೆಯುವ ನ್ಯೂಟ್ರಲ್ ಸ್ವಿಚ್ಚನ್ನು ಯಾವ ಕಾರಣಕ್ಕೂ ಬಿಡಬೇಡಿ. ಅಂಗಳದಲ್ಲಿ ಮಕ್ಕಳು ಆಡುತ್ತಿರುತ್ತಾರೆ. ಬ್ಯಾಟರಿ ಇಳಿದರೆ ತಳ್ಳಿ ಸ್ಟಾರ್ಟ್ ಮಾಡುವ ನಮ್ಮ ಹಳೇ ಅಭ್ಯಾಸ ಹೆಚ್ಚಿನ ಆಟೋಮ್ಯಾಟಿಕ್‌ಗಳಲ್ಲಿ ನಡೆಯುವುದಿಲ್ಲ, ಎಂಜಿನ್ ಓಡದೆ ಪಂಪ್ ಓಡುವುದಿಲ್ಲವಲ್ಲ. ಹಿಂದಿನ ಚಕ್ರ ನೆಲದ ಮೇಲಿಟ್ಟು ದೂರ ಎಳೆದುಕೊಂಡು ಹೋಗುವುದೂ ಸಲ್ಲ. ಇಳಿತದಲ್ಲಿ ಡಿ (ಡ್ರೈವ್) ಹಾಕಿ ಬರೀ ಬ್ರೇಕ್ ನಂಬಿಕೊಂಡು ಬರಬಾರದು. ಕೈಯಿಂದ ಕೆಳಗಿನ ಗೇರಿಗೆ ಎಳೆದುಕೊಳ್ಳಬೇಕು.

ಕಾನೂನು

1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದಕ್ಕೆ ಸಂಬಂಧಿಸಿದ್ದು. ನೋಂದಣಿ ಪತ್ರದ ವಿವರ ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವ ಹಾಗೆ ವಾಹನ ಬದಲಾಯಿಸಬಾರದು ಎನ್ನುತ್ತದೆ. ಕೇರಳದಿಂದಲೇ ಹೋದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. ಕೆಎಲ್ 14 ನಂಬರಿನ ಗಾಡಿ ಇದ್ದವರು ಮೊದಲು ಕಾಸರಗೋಡಿನ ಆರ್‌ಟಿಒ ಕಚೇರಿಗೆ ಹೋಗಿ ಕೇಳಿ, ಉತ್ತರವನ್ನು ಕಾಗದದಲ್ಲಿ ಪಡೆಯಬೇಕು. ದೈಹಿಕ ತೊಂದರೆ ಇರುವವರಿಗಾಗಿ ಮಾರ್ಪಡಿಸಿದ ವಾಹನಕ್ಕೆ ಕಾಯ್ದೆಯಲ್ಲಿ ಬೇರೆ ದಾರಿ ಇದೆ. ಅದು ನಿಮಗೆ ಅನ್ವಯಿಸುತ್ತದೆಯೇ ಎಂದೂ ಅಲ್ಲೇ ಕೇಳಿ. ಐವತ್ತು ವರ್ಷ ದಾಟಿದ ಗಾಡಿಗೆ 2021ರಲ್ಲಿ ವಿಂಟೇಜ್ ನೋಂದಣಿ ಬಂದಿದೆ. ಆದರೆ ಅದಕ್ಕೆ ಗಾಡಿ ಮೂಲ ರೂಪದಲ್ಲಿ ಇರಬೇಕು. ದಿನದ ಓಡಾಟಕ್ಕೆ ಬಳಸುವ ಹಾಗೂ ಇಲ್ಲ. ಇನ್ಶೂರೆನ್ಸಿನವರಿಗೂ ಮೊದಲೇ ತಿಳಿಸಿ.

ಮಾವನ ಅಂಬಾಸಡರ್

ಈಗ ಮಾವನ ಪ್ರಶ್ನೆ. ಅವರದು 1489 ಸಿಸಿಯ ಪೆಟ್ರೋಲ್ ಎಂಜಿನ್, ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ-ಸೀರೀಸ್ ವಂಶದ್ದು. ಅಂಬಾಸಡರ್ ಮೂಲದಲ್ಲಿ ಮೋರಿಸ್ ಆಕ್ಸ್‌ಫರ್ಡ್ ಸೀರೀಸ್ 3. ಅದೇ ಎಂಜಿನ್ ವಂಶದ ಮುಂದಿನ ಕಾರುಗಳಿಗೆ, ಅಂದರೆ ಆಕ್ಸ್‌ಫರ್ಡ್ ಸೀರೀಸ್ 6ಕ್ಕೆ, 1967ರಿಂದ 1973ರ ತನಕ ಎಂಜಿಬಿ ಎಂಬ ಸ್ಪೋರ್ಟ್ಸ್ ಕಾರಿಗೆ, ಅಲ್ಲಿನ ಕಾರ್ಖಾನೆಯೇ ಬೋರ್ಗ್ ವಾರ್ನರ್ 35 ಎಂಬ ಮೂರು ಗೇರಿನ ಆಟೋಮ್ಯಾಟಿಕ್ ಕೊಟ್ಟಿತ್ತು. ಮೊದಲ ಗೇರು 2.39, ಎರಡನೆಯದು 1.45, ಮೂರನೆಯದು ಡೈರೆಕ್ಟ್. ಹಾಗಾಗಿ ಇದು ಆಗದ ಕೆಲಸ ಅಲ್ಲ. ಇದನ್ನು ಹೇಳಿದಾಗ ಮಾವನ ಮುಖ ಅರಳಿತು.

ಆಮೇಲೆ ಇಬ್ಬರೂ ಕಾರಿನ ಅಡಿಗೆ ಗೋಣಿ ಹಾಸಿದೆವು. ನಾನು ಮಲಗಿ ಅಳೆದೆ, ಅವರು ಸ್ಟೂಲಿನ ಮೇಲೆ ಕೂತು ಬರೆದುಕೊಂಡರು. ಮುಂದಿನ ಚಕ್ರಗಳಿಗೆ ಸ್ಪ್ರಿಂಗಿನ ಕೆಲಸ ಮಾಡುವ ಟಾರ್ಷನ್ ಬಾರುಗಳು ಉದ್ದಕ್ಕೆ ಹಿಂದೆ ಬಂದು ನೆಲದಡಿಯ ಅಡ್ಡ ತೊಲೆಗೆ ಕಟ್ಟಿಕೊಂಡಿವೆ. ಅಮೆರಿಕನ್ ಕಾರಿನಲ್ಲಿ ಬೋಲ್ಟ್ ಬಿಚ್ಚಿ ತೊಲೆ ಸರಿಸಿದ ಹಾಗೆ ಇಲ್ಲಿ ಮಾಡುವಂತಿಲ್ಲ. ಅದಕ್ಕೆ ಗರಗಸ ತಾಗಿಸಿದರೆ ಕಾರಿನ ಮುಂಭಾಗದ ಭಾರ ಹೊರುವವರೇ ಇಲ್ಲ. ಎಂಜಿನ್ನಿನ ಬಲ 50 ಎಚ್‌ಪಿಯ ಆಸುಪಾಸು, ಅದೂ ಹೊಸದಿದ್ದಾಗ. ಅದರಲ್ಲಿ ಒಂದು ಪಾಲನ್ನು ಲಾಕಪ್ ಇಲ್ಲದ ಕನ್ವರ್ಟರ್ ಎಣ್ಣೆ ಕಾಯಿಸಲು ತಿನ್ನುತ್ತದೆ. ನಾಲ್ಕು ಗೇರಿನಲ್ಲೇ ಏದುಸಿರು ಬಿಡುವ ಏರಿನಲ್ಲಿ ಮೂರೇ ಗೇರು ಸಿಗುತ್ತದೆ. ಬಾಕ್ಸ್ ಹೊರದೇಶದಿಂದ ಬರಬೇಕು. ಒಂದು ಸೀಲ್ ಹೋದರೂ ಅಲ್ಲಿಂದಲೇ. ವಿ8ಕ್ಕೆ ಇದು ಒಳ್ಳೆಯ ಕೆಲಸ ಎಂದು ನಾನು ಇವತ್ತಿಗೂ ಹೇಳುತ್ತೇನೆ. ಈ ಎಂಜಿನ್ನಿಗೆ, ಈ ರಸ್ತೆಗೆ ನನ್ನ ಮನಸ್ಸು ಒಪ್ಪುವುದಿಲ್ಲ. ಅದನ್ನು ಮಾವನಿಗೆ ನೇರವಾಗಿ ಹೇಳಿದೆ.

ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಬರೆದ ಕಾಗದವನ್ನು ಮಡಚಿ ಕಿಸೆಗೆ ಹಾಕಿಕೊಂಡರು. "ಆಗಲಿ," ಎಂದರು. "ಆದರೂ ಆ ಆಫೀಸಿನಲ್ಲಿ ಒಂದು ಮಾತು ಕೇಳಿ ಬರುವ. ಕೇಳುವುದಕ್ಕೆ ಏನು?"

ಸೋಮವಾರ ಕಾಸರಗೋಡಿಗೆ ಹೋಗುವುದೆಂದು ಆಗಿದೆ. ಅಂಬಾಸಡರಿನಲ್ಲೇ. ಕ್ಲಚ್ ನಾನು ತುಳಿಯುತ್ತೇನೆ, ಮಾವ ಪಕ್ಕದಲ್ಲಿ ಕೂತು ಯಾವ ತಿರುವಿಗೆ ಯಾವ ಗೇರು ಎಂದು ಹೇಳುತ್ತಾರೆ.